ಚಕ್ರವರ್ತಿಗೆ ಹನ್ನೆರಡು ನಿಮಿಷದ ಪಾಳಿ

ಮನುಷ್ಯನಿಗೆ ತನ್ನ ಸದ್ಗುಣಗಳಿಗಿಂತ ತನ್ನ ಚಟದ ಬಗ್ಗೆಯೇ ಹೆಮ್ಮೆ ಜಾಸ್ತಿ ಎಂಬುದು ನಾನು ಬಹಳ ವರ್ಷ ಗಮನಿಸಿ ಕಂಡುಕೊಂಡ ವಿಚಾರ. ನಮ್ಮ ಕಾರ್ಖಾನೆಯಲ್ಲಿ ನಶ್ಯ ಏರಿಸುವವರು ಬೀಡಿ ಸೇದುವವರನ್ನು ಕಂಡರೆ ಮೂಗು ಮುರಿಯುತ್ತಾರೆ. ದಿನಕ್ಕೆ ಎಂಟು ಲೋಟ ಕಾಫಿ ಕುಡಿಯುವ ನಮ್ಮ ಸೋದರಮಾವ, ಟೀ ಕುಡಿಯುವವರನ್ನು ನೋಡಿ, ಪಾಪ, ಅಭ್ಯಾಸ ಬಿಡೋಕೆ ಆಗಲ್ಲ ಅಲ್ವಾ ಎಂದು ಮರುಗುತ್ತಾರೆ. ನಾನೂ ಇದೇ ಪಂಗಡದವನು. ನನ್ನ ಚಟ ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವುದು. ನನ್ನ ಹೆಂಡತಿ ವಸಂತಳದು ಇಂಟರ್ನೆಟ್ಟಿನಲ್ಲಿ ಒಂದು ವೇಷ ಹಾಕಿಕೊಂಡು, ಬೇರೆ ಬೇರೆ ಊರುಗಳ ಹತ್ತಾರು ಜನರ ಜೊತೆ ಕಾಡುಮೇಡು ಅಲೆಯುವ ಆಟ. ಇವೆರಡರಲ್ಲಿ ಯಾವುದು ಹೆಚ್ಚು ಹಾಳು ಚಟ ಎಂಬ ಬಗ್ಗೆ ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಎರಡು ವರ್ಷ ವಾದ ನಡೆಯಿತು. ತೀರ್ಪು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಕೊಟ್ಟವರು ಕೆ.ಆರ್. ಪುರದ ಒಬ್ಬ ಅಜ್ಜಿ. ಆ ಮಧ್ಯಾಹ್ನ ಪಣಕ್ಕೆ ಬಿದ್ದಿದ್ದದ್ದು ನನ್ನ ತಮ್ಮ ಮುರಳಿಯ ಮದುವೆ.

ಮೊದಲು ನನ್ನ ಚಟದ ಹಿರಿಮೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಾರ್ಖಾನೆಗೆ ಮೊದಲ ಕಂಪ್ಯೂಟರು ಬಂದಾಗ ಅದಕ್ಕೊಂದು ತಣ್ಣನೆಯ ಗಾಜಿನ ಕೋಣೆ ಕಟ್ಟಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೆಂದು ನಿಯಮ ಮಾಡಿದ್ದರು. ಯಾರೋ ಪುಣ್ಯಾತ್ಮರು ಅದರೊಳಗೆ ಒಂದು ಆಟ ತುಂಬಿಸಿಟ್ಟಿದ್ದರು. ಆರಂಭದಲ್ಲಿ ನಿಮಗೆ ಒಂದು ಗುಡಿಸಲು, ಒಂದು ಜೊತೆ ಎತ್ತು, ಈಟಿ ಹಿಡಿದ ಒಬ್ಬ ಬಡಪಾಯಿಯನ್ನು ಕೊಡುತ್ತಾರೆ. ನೀವು ಊರು ಕಟ್ಟಿ, ಕೆರೆ ತೋಡಿ, ದಂಡು ಬೆಳೆಸಿ, ಸುತ್ತಲಿನ ರಾಜರನ್ನೆಲ್ಲ ಬಗ್ಗುಬಡಿದು, ಕೊನೆಗೆ ಭೂಮಂಡಲವನ್ನೇ ಆಳಬೇಕು. ಊಟದ ಬಿಡುವಿನಲ್ಲಿ ಐದು ನಿಮಿಷ ನೋಡೋಣವೆಂದು ಕೂತವನು ಎದ್ದಾಗ ಪಾಳಿ ಮುಗಿದು ಮುಂದಿನ ಪಾಳಿಯವರು ಬಂದಿದ್ದರು. ಪಾಳಿಯ ಮೇಲ್ವಿಚಾರಕನೇ ನಾನಾದ್ದರಿಂದ ನನ್ನನ್ನು ಹುಡುಕಿ ಬೈಯುವವರು ಯಾರೂ ಇರಲಿಲ್ಲ. ಎರಡು ವರ್ಷದ ಮೇಲೆ ಮನೆಗೇ ಒಂದು ಕಂಪ್ಯೂಟರು ತಂದೆ. ತಮ್ಮನಿಗೆ ಅನುಕೂಲವಾಗಲಿ ಎಂದು ಅಮ್ಮನಿಗೆ ಹೇಳಿದೆ. ಲಿಫ್ಟ್ ರಿಪೇರಿ ಮಾಡುವ ತಮ್ಮನಿಗೆ ಅದರಿಂದ ಏನು ಅನುಕೂಲವೆಂದು ಅಮ್ಮ ಕೇಳಲಿಲ್ಲ. ತಮ್ಮನೂ ಕೇಳಲಿಲ್ಲ, ಅವನು ಮಾತಾಡುವುದೇ ಕಡಿಮೆ.

ಈ ಆಟ ನನ್ನನ್ನು ಹಿಡಿದುಕೊಂಡದ್ದಕ್ಕೆ ಒಂದು ವಂಶಪಾರಂಪರ್ಯದ ಕಾರಣವೂ ಇದೆ ಎಂದು ನನ್ನ ನಂಬಿಕೆ. ನಮ್ಮದು ಹಲಸೂರಿನ ಆಚೆಯ ಹಳೇ ಊರಿನ ಮನೆತನ. ನಮ್ಮ ತಾತ ರಾಗಿ, ಅವರೆ ಬೆಳೆಯುತ್ತಿದ್ದ ಹೊಲ ಬಡಾವಣೆಗೆ ಹೋಯಿತು. ತಾತ ಕೊನೆಗಾಲದವರೆಗೂ ಇಂದಿರಾನಗರದ ಒಂದು ರಸ್ತೆಯಲ್ಲಿ ನಡೆದು ಹೋಗುವಾಗ, ಒಂದು ಔಷಧದ ಅಂಗಡಿಯ ಮುಂದೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ದಾಟುತ್ತಿದ್ದರು. ಯಾಕೆ ತಾತ ಎಂದರೆ, ‘ಇದು ನಮ್ಮ ಕಣ ಇದ್ದ ಜಾಗ ಕಣೋ, ಮೆಟ್ಟು ಹಾಕ್ಕೊಂಡು ತುಳೀಬಾರ್ದು’ ಎನ್ನುತ್ತಿದ್ದರು. ಅಂಗಡಿಯವರು ಅವರಿಗೆ ಕಾಲಿನ ಕಾಯಿಲೆ ಇರಬೇಕೆಂದು ತಿಳಿದು ಒಂದು ಮುಲಾಮು ಕೊಟ್ಟಿದ್ದರಂತೆ. ಅಂಥವರ ಮೊಮ್ಮಗನಿಗೆ ಒಂದು ಇಡೀ ಖಂಡ ಕೈಗೆ ಬಂದಾಗ ಎಷ್ಟು ಸಂತೋಷವಾಗುತ್ತದೆ, ಲೆಕ್ಕ ಹಾಕಿ. ನನ್ನ ಸಾಮ್ರಾಜ್ಯಗಳಲ್ಲಿ ಇವತ್ತಿನವರೆಗೆ ಒಂದು ಕೆರೆಯೂ ಮುಚ್ಚಿಲ್ಲ. ಪರದೆಯ ಮೂಲೆಯಲ್ಲಿ ಮಂತ್ರಿಗಳು ನಿಂತುಕೊಂಡು, ಊರ ಮುಂದಿನ ಹೊಲ ತೆಗೆದು ಮಾರುಕಟ್ಟೆ ಕಟ್ಟಿ ಎಂದು ಬಾಯಿ ಬಡಿದುಕೊಂಡರೂ ನಾನು ಹೊಲ ಮುಟ್ಟಿದವನಲ್ಲ. ಇದರಿಂದ ಬೊಕ್ಕಸ ಸೊರಗುತ್ತದೆ, ನಿಜ. ಆದರೂ ನಾನು ಮೂವತ್ತೊಂದು ಸಲ ಲೋಕವನ್ನು ಗೆದ್ದಿದ್ದೇನೆ.

ಈ ಆಟದ ಸೆಳೆತವೆಲ್ಲ ಇರುವುದು ‘ಇನ್ನೊಂದೇ ಸುತ್ತು’ ಎಂಬ ಮಾತಿನಲ್ಲಿ. ಚುರುಮುರಿ ಪೊಟ್ಟಣ ಹಿಡಿದವನ ಕೈ ಅವನನ್ನು ಕೇಳದೆ ಬಾಯಿಗೆ ಹೋಗುವಂತೆ ಬೆರಳು ತಾನಾಗಿ ಗುಂಡಿ ಒತ್ತುತ್ತದೆ. ಮುಂದಿನ ಸುತ್ತಿಗೆ ಕೋಟೆ ಮುಗಿಯುತ್ತದೆ, ಅದರ ಮುಂದಿನ ಸುತ್ತಿಗೆ ಹಡಗು ಬರುತ್ತದೆ, ಹಡಗು ಬಂದ ಮೇಲೆ ಎಲ್ಲಿಗಾದರೂ ಕಳಿಸದೆ ಇರುವುದಕ್ಕಾಗುತ್ತದೆಯೇ. ಇದರಲ್ಲಿ ಇನ್ನೊಂದು ಸುಖವಿದೆ. ನಾನು ಎದ್ದು ಹೋದರೆ ಇಡೀ ಲೋಕ ಇದ್ದಲ್ಲೇ ನಿಲ್ಲುತ್ತದೆ. ಎತ್ತಿದ ಕತ್ತಿ ಎತ್ತಿದ ಹಾಗೆ, ಹಾರಿದ ಬಾಣ ಗಾಳಿಯಲ್ಲೇ ಕಾಯುತ್ತದೆ. ಮನೆಯಲ್ಲಿ ನಾನು ಸ್ನಾನಕ್ಕೆ ಹೋದರೆ ಬಿಸಿನೀರು ಕೂಡ ಕಾಯುವುದಿಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಪ್ರತಿ ಯುದ್ಧಕ್ಕೆ ಮೊದಲು ಆಟವನ್ನು ಸೇವ್ ಮಾಡಿಟ್ಟುಕೊಳ್ಳುತ್ತೇನೆ. ಸೋತರೆ ಆ ಸೋಲನ್ನು ಅಳಿಸಿ ಹಳೆಯ ಜಾಗದಿಂದ ಮತ್ತೆ ಶುರು ಮಾಡುತ್ತೇನೆ. ಮೂವತ್ತೊಂದು ವಿಜಯಗಳ ಹಿಂದೆ ಅಳಿಸಿದ ಸೋಲುಗಳು ಎಷ್ಟು ಎಂದು ಯಾರೂ ಕೇಳಿಲ್ಲ. ಕೇಳದಿದ್ದನ್ನು ಹೇಳುವ ಅಭ್ಯಾಸ ಚಕ್ರವರ್ತಿಗಳಿಗೆ ಇರುವುದಿಲ್ಲ.

ಇನ್ನು ವಸಂತಳ ವಿಷಯ. ಅವಳು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಒಂದು ಸಂದಿಯಲ್ಲಿ. ಎಡಗಡೆ ಮನೆಯವರದು ತಮಿಳು, ಬಲಗಡೆಯವರದು ದಖನಿ ಉರ್ದು, ಎದುರುಮನೆಯವರದು ಇಂಗ್ಲಿಷು, ತಮ್ಮ ಮನೆಯೊಳಗೆ ಕನ್ನಡ. ನಲ್ಲಿಯ ಮುಂದಿನ ಒಂದೇ ಜಗಳವನ್ನು ನಾಲ್ಕು ಭಾಷೆಯಲ್ಲಿ ಶುರು ಮಾಡಿ ನಾಲ್ಕರಲ್ಲೂ ರಾಜಿ ಮಾಡಿಸಬಲ್ಲಳು. ಕೆಲಸ ಬೆನ್ಸನ್ ಟೌನಿನ ಒಂದು ಶಾಲೆಯಲ್ಲಿ. ಮೂರನೇ ಕ್ಲಾಸಿನ ಐವತ್ತು ಮಕ್ಕಳನ್ನು ಬರೀ ಹುಬ್ಬು ಏರಿಸಿ ಸಾಲಿನಲ್ಲಿ ನಿಲ್ಲಿಸುತ್ತಾಳೆ. ನಮ್ಮ ರಸ್ತೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ, ಸಿಂಗಪುರದಲ್ಲಿ ನರ್ಸ್ ಆಗಿರುವ ಅವಳ ಚಿಕ್ಕಮ್ಮನ ಮಗಳು ಮೀನಾ, ‘ಫೋನ್‌ನಲ್ಲಿ ಮಾತಾಡೋದು ಬಿಡು ಅಕ್ಕಾ, ಈ ಆಟದೊಳಗೆ ಬಾ, ಎಷ್ಟೊತ್ತು ಬೇಕಾದ್ರೂ ಮಾತಾಡ್ಬೋದು’ ಎಂದಳಂತೆ. ಮೊದಲ ವಾರವೆಲ್ಲ ಅಕ್ಕತಂಗಿಯರು ಒಂದು ಮರದ ಕೆಳಗೆ ಕೂತು, ಸುತ್ತ ತೋಳಗಳು ಓಡಾಡುತ್ತಿದ್ದರೂ ಲೆಕ್ಕಿಸದೆ, ಚಿಕ್ಕಮ್ಮನ ಮಂಡಿನೋವಿನ ಬಗ್ಗೆ ಟೈಪು ಮಾಡಿಕೊಳ್ಳುತ್ತಿದ್ದರು. ಎರಡನೆಯ ವಾರ ಒಂದು ತೋಳ ಮೀನಾಳ ಮೇಲೆ ಬಿತ್ತು. ವಸಂತಳಿಗೆ ಸಿಟ್ಟು ಬಂತು. ಅಲ್ಲಿಂದ ಶುರುವಾದದ್ದು.

ಆರು ತಿಂಗಳಲ್ಲಿ ನನ್ನ ಹೆಂಡತಿ ಅಲ್ಲಿ ಬಿಳಿ ನಿಲುವಂಗಿಯ ವೈದ್ಯಳಾಗಿದ್ದಳು, ಇಪ್ಪತ್ತು ಜನರ ತಂಡದ ನಾಯಕಿಯಾಗಿದ್ದಳು. ತಂಡದಲ್ಲಿ ಚೆನ್ನೈನ ಒಬ್ಬ ಆಡಿಟರು, ಹೈದರಾಬಾದಿನ ಅಣ್ಣತಮ್ಮಂದಿರು, ಪೆನಾಂಗಿನಲ್ಲಿ ಬೇಕರಿ ಇಟ್ಟಿರುವ ಒಬ್ಬರು, ಹೀಗೆ ನಾನಾ ದೇಶದ ಜನ. ಎಲ್ಲರೂ ಅವಳನ್ನು ‘ಮಿಸ್’ ಎನ್ನುತ್ತಿದ್ದರು. ತಮಿಳರಿಗೆ ತಮಿಳಿನಲ್ಲಿ, ಹೈದರಾಬಾದಿನವರಿಗೆ ಉರ್ದುವಿನಲ್ಲಿ, ಉಳಿದವರಿಗೆ ಇಂಗ್ಲಿಷಿನಲ್ಲಿ ಗದರಿಸುವುದು ಇವಳಿಗೆ ಮಾತ್ರ ಸಾಧ್ಯವಿತ್ತು. ಆಟಕ್ಕೆ ಮೊದಲು ಹಾಜರಿ ಕೂಗುತ್ತಿದ್ದಳು. ತಡವಾಗಿ ಬಂದವರು ಕಾರಣ ಹೇಳಬೇಕು. ರಾಕ್ಷಸನನ್ನು ಕೊಂದ ಮೇಲೆ ಸಿಕ್ಕ ಕತ್ತಿ, ಕವಚಗಳಿಗೆ ಬೇರೆ ತಂಡಗಳಲ್ಲಿ ಹೊಡೆದಾಟವಾಗುತ್ತದಂತೆ. ಇವಳು ಊಟದ ಪಂಕ್ತಿಯ ಪದ್ಧತಿ ತಂದಳು. ಹೋದ ಸಲ ಯಾರ ಎಲೆಗೆ ಕಡಿಮೆ ಬಿತ್ತೋ ಈ ಸಲ ಅಲ್ಲಿಂದ ಬಡಿಸಬೇಕು. ಕೊನೆಯವರಿಗೆ ಸಿಗುವವರೆಗೆ ಯಾರೂ ಏಳಬಾರದು. ಆಡಿಟರು ಒಂದು ದಿನ, ‘ಮಿಸ್, ನಮ್ಮ ಆಫೀಸಿನಲ್ಲೂ ಹೀಗಿದ್ದಿದ್ದರೆ’ ಎಂದು ಬರೆದರಂತೆ. ಇದನ್ನು ನಾನು ನಮ್ಮ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಮನೆಯಲ್ಲಿ ಮಾತ್ರ ಮೂಗು ಮುರಿಯುತ್ತಿದ್ದೆ, ಅದು ಬೇರೆ ವಿಷಯ.

ನನ್ನ ವಾದ ಇದು: ನನ್ನದು ಬುದ್ಧಿಯ ಆಟ, ಅವಳದು ಸಂತೆ. ನನ್ನದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಅವಳದನ್ನು ನಿಲ್ಲಿಸಲಾಗುವುದಿಲ್ಲ. ನಿಲ್ಲಿಸಲಾಗದ್ದೇ ಚಟ, ನಿಲ್ಲಿಸಬಹುದಾದದ್ದು ಹವ್ಯಾಸ. ಇದನ್ನು ನಾನು ಬೆರಳು ಮಡಿಚಿ ಹೇಳುತ್ತಿದ್ದೆ. ವಸಂತ ನೋಟ್‌ಬುಕ್ಕು ತಿದ್ದುತ್ತ, ‘ನಿಮ್ಮಾಟದಲ್ಲಿ ಲಕ್ಷ ಜನ ಸತ್ತರೂ ಒಬ್ರೂ ಯಾಕೆ ಅಂತ ಕೇಳಲ್ಲ ರೀ. ನನ್ನಾಟದಲ್ಲಿ ಒಬ್ರು ಸತ್ರೂ, ಮಿಸ್, ನನ್ನನ್ನ ಯಾಕೆ ನೋಡ್ಲಿಲ್ಲ ಅಂತಾರೆ. ಅಷ್ಟೇ ವ್ಯತ್ಯಾಸ’ ಎನ್ನುತ್ತಿದ್ದಳು. ಯೋಚಿಸಿದರೆ ಅವಳು ಹೇಳಿದ್ದು ಸರಿ. ನನ್ನ ಆಟ ನನ್ನನ್ನು ಹಿಡಿದಿಟ್ಟದ್ದು ನಾನಿಲ್ಲದೆ ಅಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂಬ ಅಹಂಕಾರದಿಂದ. ಅವಳನ್ನು ಹಿಡಿದಿಟ್ಟದ್ದು, ಮದುವೆಮನೆಯಲ್ಲಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳಿಗೆ ಇರುತ್ತದಲ್ಲ, ಆ ಬಗೆಯ ಜವಾಬ್ದಾರಿ. ಹಾಗೆಂದು ಆಗ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಈಗ ನನ್ನ ಅಪರಾಧ. ಮುರಳಿಗೆ ಮೂವತ್ತೈದು ದಾಟಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಹಿರಿಯನಾಗಿ ನಿಂತು ಮದುವೆ ಮಾಡಬೇಕಾದವನು ನಾನು. ನಮ್ಮ ಕಡೆ ಹುಡುಗಿ ಒಪ್ಪಿಗೆಯಾದ ಮೇಲೆ ಹುಡುಗಿಯ ಕಡೆಯವರು ಹುಡುಗನ ಮನೆ ನೋಡಲು ಬರುತ್ತಾರೆ. ಮನೆ ನೋಡುವುದೆಂದರೆ ಗೋಡೆ, ನಲ್ಲಿ ನೋಡುವುದಲ್ಲ, ಮನೆಯವರನ್ನು ನೋಡುವುದು. ಹಿಂದಿನ ವರ್ಷ ಹೊಸಕೋಟೆಯ ಒಂದು ಒಳ್ಳೆಯ ಮನೆತನದವರು ಹಾಗೆ ಬಂದಾಗ ನಾನು ಒಳಗಿನ ಕೋಣೆಯಲ್ಲಿ ಒಂದು ಕೋಟೆಗೆ ಲಗ್ಗೆ ಹಾಕಿದ್ದೆ. ವಸಂತ ಮೂರು ಸಲ ಬಂದು ಕರೆದಳು. ಇನ್ನೊಂದೇ ಸುತ್ತು ಎಂದೆ. ಕೋಟೆ ಕೈವಶವಾಗಿ ನಾನು ನಗುನಗುತ್ತ ಹೊರಗೆ ಬಂದಾಗ ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಎರಡು ದಿನಕ್ಕೆ ಮಧ್ಯಸ್ಥರ ಮೂಲಕ ಮಾತು ಬಂತು: ಹಿರಿಯ ಮಗನಿಗೆ ಗರ್ವ ಜಾಸ್ತಿ ಅಂತೆ, ಮನೆಗೆ ಬಂದವರ ಮುಖ ನೋಡಲಿಲ್ಲವಂತೆ. ಮುರಳಿ ಅವತ್ತು ಸಂಜೆ ಎಂದಿನಂತೆ ನನ್ನ ಸ್ಕೂಟರಿನ ಬ್ರೇಕು ಸರಿಮಾಡಿ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು. ನಾನು ಒಂದು ತಿಂಗಳು ಕಂಪ್ಯೂಟರು ಮುಟ್ಟಲಿಲ್ಲ. ಸರಿಯಾಗಿ ಹೇಳುವುದಾದರೆ ಇಪ್ಪತ್ತೆರಡು ದಿನ.

ಆಮೇಲೆ ಕೆ.ಆರ್. ಪುರದ ಕಡೆಯಿಂದ ಸುಧಾ ಎಂಬ ಹುಡುಗಿಯ ಸಂಬಂಧ ಬಂತು. ಮುರಳಿ ಜೀವನದಲ್ಲಿ ಮೊದಲ ಸಲ ತಾನಾಗಿ ಬಾಯಿ ಬಿಟ್ಟು, ‘ಅಣ್ಣ, ಈ ಹುಡುಗಿ ಆಗ್ಬೋದು’ ಎಂದ. ಅವನ ಲೆಕ್ಕದಲ್ಲಿ ಅದು ಭಾಷಣ. ಅವರು ಮನೆ ನೋಡಲು ಭಾನುವಾರ ಸಂಜೆ ರಾಹುಕಾಲ ಕಳೆದ ಮೇಲೆ, ಆರೂವರೆಗೆ ಬರುತ್ತೇವೆಂದಿದ್ದರು. ಶನಿವಾರ ಫೋನು ಬಂತು. ಹುಡುಗಿಯ ಅಜ್ಜಿಯೂ ಬರುತ್ತಾರೆ, ಕತ್ತಲಾದ ಮೇಲೆ ಅವರಿಗೆ ಕಣ್ಣು ಕಾಣಿಸುವುದಿಲ್ಲ, ಆದ್ದರಿಂದ ಮಧ್ಯಾಹ್ನ ಮೂರಕ್ಕೆ ಮೊದಲೇ ಬಂದು ನಾಲ್ಕೂವರೆಗೆ ರಾಹುಕಾಲ ಹಿಡಿಯುವ ಮುಂಚೆ ಹೊರಡುತ್ತೇವೆ ಎಂದರು. ನಾನು ಸಂತೋಷವೆಂದೆ. ಫೋನಿಟ್ಟು ನೋಡಿದರೆ ವಸಂತಳ ಮುಖ ಸಪ್ಪಗಾಗಿತ್ತು. ಅದೇ ಭಾನುವಾರ, ಮಧ್ಯಾಹ್ನ ಎರಡೂವರೆಗೆ, ಅವಳ ತಂಡದವರು ಮೂರು ಹೆಡೆಯ ಒಂದು ಮಹಾಸರ್ಪದ ಮೇಲೆ ಹೋಗುವುದೆಂದು ಮೂರು ವಾರದಿಂದ ನಿಶ್ಚಯವಾಗಿತ್ತು. ಮೀನಾ ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಯಿಸಿಕೊಂಡಿದ್ದಳು. ಪೆನಾಂಗಿನವರು ಬೇಕರಿಗೆ ರಜ ಹಾಕಿದ್ದರು. ‘ಹೋಗ್ಲಿ ಬಿಡಿ, ಆಗಲ್ಲ ಅಂತ ಹೇಳ್ಬಿಡ್ತೀನಿ’ ಎಂದಳು ವಸಂತ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇದು ವ್ಯೂಹರಚನೆಯ ಪ್ರಶ್ನೆ. ಇಪ್ಪತ್ತು ವರ್ಷದಿಂದ ಮುನ್ನೂರು ಕೆಲಸಗಾರರಿಗೆ ಪಾಳಿ ಹಾಕುತ್ತಿರುವವನು, ಲೋಕ ಗೆದ್ದವನು ಮನೆಯಲ್ಲೇ ಇರುವಾಗ ಇವಳು ಸೋಲೊಪ್ಪಿಕೊಳ್ಳುವುದೆಂದರೇನು. ‘ಏನೂ ಹೇಳ್ಬೇಡ, ನಾನಿದ್ದೀನಿ’ ಎಂದೆ.

ನನ್ನ ಯೋಜನೆ ಸರಳವಾಗಿತ್ತು. ಹಾಲಿನಲ್ಲಿ ಅಮ್ಮ, ಮುರಳಿ ಇದ್ದೇ ಇರುತ್ತಾರೆ. ನಾವಿಬ್ಬರೂ ಹನ್ನೆರಡು ಹನ್ನೆರಡು ನಿಮಿಷದ ಪಾಳಿ ಮಾಡುವುದು. ನಾನು ಹಾಲಿನಲ್ಲಿ ನೆಂಟರೊಂದಿಗೆ ಇರುವಾಗ ಅವಳು ಕೋಣೆಯಲ್ಲಿ. ಅವಳು ಕುಂಕುಮ, ಕಾಫಿ ಎಂದು ಹೊರಗೆ ಬಂದಾಗ ನಾನು ಕೋಣೆಯಲ್ಲಿ. ಬಿಳಿ ಹಾಳೆಯ ಮೇಲೆ ಗೆರೆ ಎಳೆದು ವೇಳಾಪಟ್ಟಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿದೆ. ಅಮ್ಮನಿಗೆ ಹೇಳಲಿಲ್ಲ, ಗುಟ್ಟು ನಿಲ್ಲದು. ವಸಂತ ನನಗೆ ಐದು ನಿಮಿಷ ಪಾಠ ಹೇಳಿದಳು. ‘ಇದು ನೋಡಿ, ಒಬ್ಬೊಬ್ರ ಹೆಸರಿನ ಮುಂದೆ ಹಸಿರು ಪಟ್ಟಿ ಇದೆ. ಯಾರದ್ದು ಕೆಂಪಾಗುತ್ತೋ ಅವ್ರ ಹೆಸರು ಒತ್ತಿ, ಆಮೇಲೆ ಒಂದನೇ ನಂಬರ್ ಒತ್ತಿ, ಮದ್ದು ಹೋಗುತ್ತೆ. ಮುಂದೆ ನಿಂತಿರೋ ಆಡಿಟರ್‌ನ ಮಾತ್ರ ಬಿಡ್ಬೇಡಿ, ಏಟೆಲ್ಲ ಅವ್ರಿಗೇ ಬೀಳೋದು. ಬೇರೆ ಏನೂ ಮಾಡ್ಬೇಡಿ, ಯೋಚ್ನೆ ಕೂಡ ಮಾಡ್ಬೇಡಿ.’ ಕೊನೆಯ ಮಾತು ನನಗೆ ಸ್ವಲ್ಪ ಚುಚ್ಚಿತು.

ಎರಡು ಐವತ್ತಕ್ಕೆ ಹುಡುಗಿಯ ತಂದೆ, ತಾಯಿ, ಅಜ್ಜಿ ಬಂದರು. ಅಜ್ಜಿಗೆ ಎಂಬತ್ತರ ಹತ್ತಿರ. ಗಟ್ಟಿ ಜೀವ, ನೋಟ ಇನ್ನೂ ಗಟ್ಟಿ. ನಾನು ಗೇಟಿಗೇ ಹೋಗಿ ಕೈಮುಗಿದು ಕರೆತಂದೆ. ಹನ್ನೆರಡು ನಿಮಿಷ ನಗುತ್ತ ಮಾತಾಡಿ, ಗಡಿಯಾರ ನೋಡಿ ಎದ್ದೆ. ವಸಂತ ಕುಂಕುಮದ ಬಟ್ಟಲು ಹಿಡಿದು ಬಂದಳು. ಕೋಣೆಯಲ್ಲಿ ಮದ್ದು ಕೊಟ್ಟೆ, ಯಾರೂ ಸಾಯಲಿಲ್ಲ. ಮತ್ತೆ ಬದಲಾವಣೆ. ಅವಳು ಹೋದಳು, ನಾನು ಬಂದೆ. ಕಾರ್ಖಾನೆಯಲ್ಲೂ ಪಾಳಿ ಇಷ್ಟು ಚೊಕ್ಕವಾಗಿ ಬದಲಾದದ್ದು ನಾನು ಕಂಡಿಲ್ಲ. ಮೂರನೆಯ ಸಲ ನಾನು ಎದ್ದಾಗ ಅಮ್ಮ ನೆಂಟರಿಗೆ ಮೆಲ್ಲಗೆ, ‘ಇಬ್ರಿಗೂ ಬೆಳಗ್ಗೆಯಿಂದ ಹೊಟ್ಟೆ ಸರಿ ಇಲ್ಲ ಅನ್ಸುತ್ತೆ’ ಎಂದದ್ದು ಕೇಳಿಸಿತು. ಅಮ್ಮನ ಮೇಲೆ ಪ್ರೀತಿ ಉಕ್ಕಿ ಬಂತು. ಕೋಣೆಗೆ ಹೋಗಿ ಕೂತೆ. ಕೋಣೆಗೂ ಹಾಲಿಗೂ ನಡುವೆ ಬರೀ ಒಂದು ಬಟ್ಟೆಯ ಪರದೆ. ವಸಂತ ಕಾಫಿ ತರಲು ಅಡುಗೆಮನೆಗೆ ಹೋದಾಗ ಪರದೆಯ ಪಕ್ಕ ಕೂತಿದ್ದ ಅಜ್ಜಿ ತಮ್ಮ ಮಗನ ಕಡೆ ಬಾಗಿ ಮೆಲ್ಲಗೆ ಹೇಳಿದ ಮಾತು ಸ್ಪಷ್ಟವಾಗಿ ಕಿವಿಗೆ ಬಿತ್ತು. ‘ಹೊಟ್ಟೆನೂ ಅಲ್ಲ, ಏನೂ ಅಲ್ಲ. ಅವ್ಳು ಬಂದ್ರೆ ಇವ್ನು ಎದ್ದೋಗ್ತಾನೆ, ಇವ್ನು ಬಂದ್ರೆ ಅವ್ಳು ಎದ್ದೋಗ್ತಾಳೆ. ಗಂಡ ಹೆಂಡ್ತಿ ಮಾತು ಬಿಟ್ಟವ್ರೆ ಕಣಪ್ಪ. ಅಣ್ಣ ಅತ್ತಿಗೇನೇ ಹಿಂಗಿರೋ ಮನೆಗೆ ನಮ್ಮ ಮಗೀನ ಹೆಂಗೆ ಕೊಡೋದು.’

ಎದ್ದು ಹೊರಗೆ ಹೋಗಿ ಹೆಂಡತಿಯೊಂದಿಗೆ ನಾಲ್ಕು ಮಾತಾಡಿ ತೋರಿಸಬೇಕೆನ್ನುವಷ್ಟರಲ್ಲಿ ಸರ್ಪ ಮೂರು ಹೆಡೆಯನ್ನೂ ಎತ್ತಿತು. ಹತ್ತು ಪಟ್ಟಿಗಳು ಒಟ್ಟಿಗೆ ಕೆಂಪಾದವು. ಆಗ ನಾನು ಮಾಡಬಾರದ ಕೆಲಸ ಮಾಡಿದೆ, ಯೋಚನೆ ಮಾಡಿದೆ. ಮದ್ದು ಕಡಿಮೆಯಿದೆ, ಆಡಿಟರು ಹೇಗೂ ಸಾಯುವ ಸ್ಥಿತಿಯಲ್ಲಿದ್ದಾರೆ. ಅವರ ಮೇಲೆ ಮದ್ದು ಸುರಿಯುವುದು ದಂಡ. ಅವರನ್ನು ಬಿಟ್ಟುಕೊಟ್ಟು ಹಿಂದಿನ ಗಟ್ಟಿಗರನ್ನು ಉಳಿಸಿಕೊಂಡರೆ ಯುದ್ಧ ನಮ್ಮದು. ನನ್ನ ರಾಜ್ಯಗಳಲ್ಲಿ ಎಷ್ಟೋ ಆನೆಗಳನ್ನು ಹೀಗೆ ಬಿಟ್ಟುಕೊಟ್ಟು ಗೆದ್ದವನು ನಾನು. ಆಡಿಟರು ಬಿದ್ದರು. ಅವರು ತಡೆದುಕೊಂಡಿದ್ದ ಸರ್ಪ ಒಂದೇ ಸಲ ಹಿಂದಿನವರ ಮೇಲೆ ತಿರುಗಿತು. ಎಣಿಸಿ ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಜನವೂ ಗುಹೆಯ ತುಂಬ ಅಂಗಾತ ಬಿದ್ದಿದ್ದರು, ನನ್ನ ಹೆಂಡತಿಯೂ ಸೇರಿ. ಸೇವ್ ಮಾಡಿದ ಹಳೆಯ ಆಟ ಎಲ್ಲಿದೆಯೆಂದು ಹುಚ್ಚನಂತೆ ಹುಡುಕಿದೆ. ಅಂಥದ್ದೊಂದು ಆ ಆಟದಲ್ಲಿ ಇರುವುದಿಲ್ಲವೆಂದು ಅವತ್ತು ಗೊತ್ತಾಯಿತು. ಕಂಪ್ಯೂಟರಿನ ಪರದೆಯ ಕೆಳಗೆ ಅಕ್ಷರಗಳು ಮೂಡತೊಡಗಿದವು. ಮಿಸ್, ಹುಷಾರಾಗಿದ್ದೀರಾ? ಮಿಸ್, ನಿಮಗೆ ಏನಾಯಿತು? ಆಡಿಟರು ಬರೆದಿದ್ದರು: ಪರವಾಗಿಲ್ಲ ಮಿಸ್, ನನ್ನದೇ ತಪ್ಪಿರಬೇಕು. ಯುದ್ಧದಲ್ಲಿ ನಾನು ಬಲಿಕೊಟ್ಟವರು ಯಾರೂ ಹೀಗೆ ಕ್ಷಮೆ ಕೇಳಿದ್ದಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

‘ಏನಪ್ಪಾ ಮಾಡ್ತಾ ಇದ್ದೀಯಾ ಒಬ್ನೇ ಕೂತ್ಕೊಂಡು?’ ಎಂಬ ದನಿ ಕೇಳಿ ತಿರುಗಿದರೆ ಬಾಗಿಲ ಪರದೆ ಸರಿಸಿ ಅಜ್ಜಿ ನಿಂತಿದ್ದರು.

ಕಾರ್ಖಾನೆಯ ಕೆಲಸ ಎನ್ನಬಹುದಿತ್ತು. ಆದರೆ ಹಿಂದೆ ಇಪ್ಪತ್ತು ಹೆಣಗಳು ಕಾಣುತ್ತಿದ್ದವು. ಅಲ್ಲದೆ ನಾನು ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗುತ್ತದೆ. ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜಿ ಒಂದೊಂದಾಗಿ ವಿಚಾರಿಸಿದರು.

‘ಇವ್ರೆಲ್ಲಾ ನಿಜವಾದ ಜನಾನಾ?’

‘ಹೌದಜ್ಜಿ. ಬೇರೆ ಬೇರೆ ಊರಲ್ಲಿದ್ದಾರೆ.’

‘ನಿನ್ ಹೆಂಡ್ತೀನ ನಂಬ್ಕೊಂಡು ಬಂದವ್ರಾ?’

‘ಹೌದು.’

‘ಅವ್ಳು ನಿನ್ ಕೈಗೆ ಕೊಟ್ಟೋದ್ಳಾ? ನೀನೇನ್ ಮಾಡ್ದೆ?’

‘ಎಲ್ಲಾರ್‌ನೂ ಸಾಯಿಸ್ಬಿಟ್ಟೆ ಅಜ್ಜಿ.’

ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದ ವಸಂತ ಬಾಗಿಲಿಗೆ ಬಂದಿದ್ದಳು. ಅಜ್ಜಿಯನ್ನು ನೋಡಿದಳು, ಕಂಪ್ಯೂಟರಿನ ಪರದೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ನಾನು ಸಂಬಂಧ ಮುರಿಯಿತೆಂದೇ ತಿಳಿದೆ. ಅಜ್ಜಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ‘ಅಲ್ಲ ಕಣಮ್ಮ, ಇಪ್ಪತ್ ಜನ ಎಲೆ ಮುಂದೆ ಕೂತಿರ್ವಾಗ ಬಡಿಸೋಳು ಎದ್ದು ಬಂದು ನಮಗೆ ಕಾಫಿ ಕೊಡ್ತಾ ಇದ್ದೀಯಲ್ಲ, ಸರೀನಾ ಅದು? ಕೂತ್ಕೋ, ಮುಗಿಸ್ಕೊಂಡು ಏಳು. ನಾವೇನು ಓಡೋಗ್ತೀವಾ’ ಎಂದು ಪಕ್ಕದ ಕುರ್ಚಿ ಎಳೆದುಕೊಂಡು ತಾವೂ ಕೂತರು. ವಸಂತ ಸೆರಗು ಸಿಕ್ಕಿಸಿಕೊಂಡು, ‘ನಮ್ಮನೆಯವ್ರು ಕೂತಿದ್ರು, ಎಲ್ಲಾ ಎದ್ದೇಳಿ’ ಎಂದು ಮೂರು ಭಾಷೆಯಲ್ಲಿ ಬರೆದಳು. ಆ ಆಟದಲ್ಲಿ ಸತ್ತವರು ಎದ್ದು ದೂರದಿಂದ ನಡೆದುಕೊಂಡು ಬರಬೇಕು. ಹಾಗೆ ಬರುತ್ತಿರುವಾಗ ಅಜ್ಜಿ, ‘ಪಾಪ, ಊಟ ಆಯ್ತಾ ಕೇಳು’ ಎಂದರು. ವಸಂತ ಕೇಳಿದಳು. ಎಲ್ಲರೂ ಮಧ್ಯಾಹ್ನ ಏನೇನು ಉಂಡರೆಂದು ಬರೆದರು. ಅಜ್ಜಿ ಒಂದೊಂದನ್ನೂ ಓದಿಸಿಕೊಂಡು ಕೇಳಿದರು.

ನಾಲ್ಕೂವರೆ ದಾಟಿತು, ರಾಹುಕಾಲ ಹಿಡಿಯಿತು. ಇನ್ನು ಆರರವರೆಗೆ ಹೊರಡುವ ಹಾಗಿಲ್ಲ. ನಾನು ಅಡುಗೆಮನೆಯಲ್ಲಿ ಎರಡನೆಯ ಸಲದ ಕಾಫಿಗೆ ಹಾಲಿಟ್ಟೆ. ಹುಡುಗಿಯ ತಂದೆ ಮುರಳಿಯ ಹತ್ತಿರ ತಮ್ಮ ಸಂಬಂಧಿಕರ ಕಟ್ಟಡದ ಲಿಫ್ಟು ಮೂರನೇ ಮಹಡಿಯಲ್ಲಿ ಯಾಕೆ ನಿಂತುಬಿಡುತ್ತದೆ ಎಂದು ಕೇಳಿದರು. ಮುರಳಿ ಮುಕ್ಕಾಲು ಗಂಟೆ ಮಾತಾಡಿದ. ಅವನಿಗೆ ಅಷ್ಟು ಮಾತು ಬರುತ್ತದೆಂದು ನನಗೂ ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಕಾಫಿ ಲೋಟ ಹಿಡಿದು ಕೋಣೆಗೆ ಹೋದೆ. ಹೇಗಾದರೂ ಅಜ್ಜಿಯ ಮುಂದೆ ನನ್ನ ಮರ್ಯಾದೆ ಉಳಿಸಿಕೊಳ್ಳಬೇಕಿತ್ತು. ‘ಇದು ಬಿಡಿ ಅಜ್ಜಿ, ನಿಲ್ಸೋಕೇ ಆಗಲ್ಲ. ನಾನಾಡೋ ಆಟ ಬೇರೆ. ನಾನು ಎದ್ದು ಬಂದ್ರೆ ಎಲ್ಲಾ ಹಂಗೇ ನಿಂತಿರುತ್ತೆ. ಯಾರೂ ಕಾಯೋದಿಲ್ಲ, ಯಾರಿಗೂ ತೊಂದ್ರೆ ಇಲ್ಲ’ ಎಂದೆ.

ಅಜ್ಜಿ ಕಾಫಿ ಊದಿ ಕುಡಿಯುತ್ತ ನನ್ನನ್ನೇ ನೋಡಿದರು. ‘ಹಂಗಾ. ಯಾವಾಗ ಬೇಕಾದ್ರೂ ಎದ್ ಬರ್ಬೋದಾ?’

‘ಯಾವಾಗ ಬೇಕಾದ್ರೂ.’

‘ಹಂಗಾದ್ರೆ ಹೊಸಕೋಟೆಯವ್ರು ಬಂದಾಗ ಯಾಕಪ್ಪಾ ಎದ್ ಬರ್ಲಿಲ್ಲ?’

ವಸಂತ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಆದರೆ ಅವಳ ಭುಜ ಅಲ್ಲಾಡಿದ್ದು ಕಂಡೆ. ಎರಡು ವರ್ಷದ ವಾದದಲ್ಲಿ ಅವಳಿಗೇ ಹೊಳೆಯದ ಪ್ರಶ್ನೆ ಅದು. ಬಿಡಲಾಗದ್ದನ್ನು ಬಿಡದವನಿಗೆ ಒಂದು ಸಬೂಬಾದರೂ ಇದೆ. ಬಿಡಬಹುದಾದದ್ದನ್ನು ಬಿಡದವನಿಗೆ ಅದೂ ಇಲ್ಲ. ‘ತಪ್ಪಾಯ್ತಜ್ಜಿ. ನನ್ನಿಂದ ತಮ್ಮನಿಗೆ ಒಂದು ಸಂಬಂಧ ತಪ್ಪಿತು’ ಎಂದೆ. ಜೀವನದಲ್ಲಿ ಅಳಿಸಲಾಗದ ಸೋಲನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು. ಅಜ್ಜಿ ಲೋಟ ಕೈಗೆ ಕೊಟ್ಟು, ‘ಸಕ್ಕರೆ ಕಮ್ಮಿ’ ಎಂದರು.

ಐದೂ ಮುಕ್ಕಾಲಿಗೆ ಸರ್ಪ ಸತ್ತಿತು. ಆರು ಹೊಡೆದ ಮೇಲೆ ಅವರು ಹೊರಟರು. ‘ತಿಳಿಸ್ತೀವಿ’ ಎಂದಷ್ಟೇ ಹೇಳಿದರು. ಕತ್ತಲಾಗುವ ಹೊತ್ತಾದ್ದರಿಂದ ಮುರಳಿ ಅಜ್ಜಿಯ ಕೈ ಹಿಡಿದು ಕಾರಿನವರೆಗೆ ನಡೆಸಿಕೊಂಡು ಹೋದ. ನಾಲ್ಕು ದಿನ ಫೋನು ಬರಲಿಲ್ಲ. ಆ ನಾಲ್ಕು ದಿನ ಮುರಳಿ ಕೆಲಸದಿಂದ ಬಂದ ಕೂಡಲೇ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ, ಅದೇ ಪುಟವನ್ನು. ನಾನು ಅವನ ಮುಖ ನೋಡಲಾರದೆ ಓಡಾಡುತ್ತಿದ್ದೆ. ವಸಂತ ತಂಡದವರಿಗೆ ರಜೆ ಹೇಳಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿದಳು. ನಾನು ಎರಡನೆಯ ದಿನ ಆ ಬಟ್ಟೆ ಒಮ್ಮೆ ಎತ್ತಿ ನೋಡಿದೆ; ನೋಡಿ ಮತ್ತೆ ಮುಚ್ಚಿದೆ. ಇದನ್ನು ನನ್ನ ವಿಜಯಗಳ ಪಟ್ಟಿಗೆ ಸೇರಿಸಬೇಕೆಂದು ನನ್ನ ಅಭಿಪ್ರಾಯ. ಐದನೆಯ ದಿನ ಹುಡುಗಿಯ ತಂದೆ ಫೋನು ಮಾಡಿ, ಅಜ್ಜಿಗೆ ಒಪ್ಪಿಗೆಯಾಯಿತು, ಒಳ್ಳೆಯ ದಿನ ನೋಡೋಣ ಎಂದರು. ಮುರಳಿ ಪೇಪರಿನ ಪುಟ ತಿರುಗಿಸಿದ.

ಮದುವೆ ಚೆನ್ನಾಗಿ ಆಯಿತು. ನಾನು ಮದುವೆಮನೆಯ ತುಂಬ, ಇದೆಲ್ಲ ಸುಮ್ಮನೆ ಕುದುರಿದ್ದಲ್ಲ, ಇದರ ಹಿಂದೆ ಒಂದು ಯೋಜನೆಯಿತ್ತು ಎಂದು ಗಂಭೀರವಾಗಿ ಓಡಾಡಿದೆ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಎಲ್ಲರೂ ಕೂತಿದ್ದಾಗ ಸುಧಾಳನ್ನೇ ಕೇಳಿದೆ, ನಮ್ಮ ಮನೆಯಲ್ಲಿ ಏನು ನೋಡಿ ಅಜ್ಜಿ ಒಪ್ಪಿದರು ಎಂದು. ಹುಡುಗಿ ಹೇಳಲೋ ಬೇಡವೋ ಎಂದು ಅತ್ತಿಗೆಯ ಮುಖ ನೋಡಿದಳು. ‘ಬೇಜಾರ್ ಮಾಡ್ಕೋಬೇಡಿ ಭಾವ. ಹೊಸಕೋಟೆಯವ್ರು ನಮಗೆ ದೂರದ ನೆಂಟ್ರು. ಆ ಮನೇಲಿ ಹಿರಿಯೋರಿಗೆ ತುಂಬಾ ಗರ್ವ, ಎಲ್ಲಾರೂ ಅವ್ರಿಗೆ ಹೆದ್ರುಕೊಂಡಿರ್ಬೇಕು ಅಂತ ಹೇಳಿದ್ರು. ನನಗೆ ಭಯ ಆಗ್ಬಿಟ್ಟಿತ್ತು. ಅಜ್ಜಿ ಅವತ್ತು ಬಂದಿದ್ದೇ ನಿಮ್ಮನ್ನ ನೋಡೋಕೆ.’

‘ನೋಡಿ ಏನಂದ್ರು?’ ಎಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು.

‘ಮನೆಗೆ ಬಂದು ಹೇಳಿದ್ರು, ದೊಡ್ಡೋನಿಂದ ಏನೂ ತೊಂದ್ರೆ ಇಲ್ಲ ಕಣೇ, ಹೆಂಡ್ತಿ ಕೂತ್ಕೋ ಅಂದ್ ಕಡೆ ಕೂತ್ಕೋತಾನೆ. ಕೂತಿದ್ ಕೆಲ್ಸನೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ. ಪಾಪದೋನು, ಧೈರ್ಯವಾಗಿ ಹೋಗು ಅಂತ.’

ಅಮ್ಮ ನಕ್ಕಳು, ಮುರಳಿ ನಕ್ಕ, ವಸಂತ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನಗೆ ಅವಮಾನವಾಗಬೇಕಿತ್ತು. ಯಾಕೋ ಆಗಲಿಲ್ಲ, ಎದೆ ಸ್ವಲ್ಪ ಉಬ್ಬಿತೆಂದೇ ಹೇಳಬೇಕು. ಆ ಮದುವೆ ಯಾರಿಂದ ಆಯಿತು ಎಂದು ಯಾರಾದರೂ ಕೇಳಿದರೆ ನನ್ನಿಂದಲೇ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ. ಹೇಗೆ ಎಂದು ಕೇಳಿದರೆ ಮಾತ್ರ, ಕಾಫಿ ತರುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋಗುತ್ತೇನೆ.